ಲಂಟಾನ: ವಿಷವೋ, ಮದ್ದೋ? ಬೇಲಿಯ ಹೂವಿನ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ರಸ್ತೆ ಬದಿಯಲ್ಲಿ, ಪಾಳು ಬಿದ್ದ ಸೈಟಿನಲ್ಲಿ, ಕೆರೆ ಏರಿಯ ಮೇಲೆ, ತೋಟದ ಬೇಲಿಯಲ್ಲಿ ಈ ಹೂವನ್ನು ನೋಡದವರಿಲ್ಲ. ಒಂದೇ ಗೊಂಚಲಿನ ನಡುವೆ ಹಳದಿ, ಸುತ್ತ ಕೇಸರಿ, ಗುಲಾಬಿ ಅಥವಾ ಕೆಂಪು. ಎಲೆ ಉಜ್ಜಿದರೆ ಮೂಗಿಗೆ ಅಡರುವ ಘಾಟು. ಕಾಂಡದ ತುಂಬ ಸಣ್ಣ ಸಣ್ಣ ಕೊಕ್ಕೆ ಮುಳ್ಳು. ಲಂಟಾನ ಎಂದರೆ ಬಹುತೇಕ ಎಲ್ಲರಿಗೂ ಗೊತ್ತು. ಚದುರಂಗ, ಚದುರಂಗಿ ಎಂದು ಕರೆಯುವವರೂ ಇದ್ದಾರೆ.

ಈ ಗಿಡದ ಫೋಟೊ ಹೊತ್ತ ಸಂದೇಶಗಳು ಆಗಾಗ ಮೊಬೈಲಿಗೆ ಬರುತ್ತವೆ. "ಇದು ಮಾರಕ ವಿಷ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ" ಎನ್ನುತ್ತದೆ ಒಂದು. "ಎಲೆಯ ಕಷಾಯ ಹತ್ತಾರು ಕಾಯಿಲೆಗೆ ರಾಮಬಾಣ" ಎನ್ನುತ್ತದೆ ಇನ್ನೊಂದು. "ಮನೆ ಮುಂದೆ ನೆಟ್ಟರೆ ಸೊಳ್ಳೆ ಸುಳಿಯುವುದಿಲ್ಲ" ಎನ್ನುತ್ತದೆ ಮತ್ತೊಂದು. ಎಲ್ಲವೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಒಂದೊಂದಾಗಿ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: ಈ ಗಿಡ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಅದು ಎಲ್ಲಿ ಬೆಳೆದಿದೆ, ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಕೇಳಬೇಕು.

ಇದು ನಮ್ಮ ನೆಲದ ಗಿಡವೇ?

ಅಲ್ಲ. ಅಜ್ಜನ ಕಾಲದಿಂದಲೂ ನೋಡುತ್ತಿದ್ದೇವೆ ಎಂಬುದು ನಿಜ. ಆದರೆ ಲಂಟಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೆಚ್ಚಗಿನ ಪ್ರದೇಶಗಳು. ಹೂವಿನ ಚೆಲುವಿಗೆ ಮರುಳಾದ ಯುರೋಪಿನವರು 17ನೇ ಶತಮಾನದಲ್ಲಿ ಅದನ್ನು ತಮ್ಮ ತೋಟಗಳಿಗೆ ಒಯ್ದರು. ಅಲ್ಲಿ ತಳಿಗೆ ತಳಿ ಬೆರೆಸಿ ಬಣ್ಣಬಣ್ಣದ ಹೊಸ ತಳಿಗಳನ್ನು ಮಾಡಿದರು. ಹೀಗೆ ಬೆರಕೆಯಾದ ಗಟ್ಟಿ ಗಿಡಗಳು ಹಡಗು ಹತ್ತಿ ಯುರೋಪಿನವರ ವಸಾಹತುಗಳಿಗೆಲ್ಲ ಹೋದವು. ಭಾರತಕ್ಕೆ ಬಂದದ್ದು 19ನೇ ಶತಮಾನದ ಮೊದಲ ದಶಕದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ. ಅಲಂಕಾರಕ್ಕೆಂದು, ಬೇಲಿಗೆಂದು ತಂದ ಗಿಡ ಬೇಲಿ ದಾಟಿತು.

ಇದರ ವೈಜ್ಞಾನಿಕ ಹೆಸರು ಲಂಟಾನ ಕಮಾರ. ಸಸ್ಯಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಇದು. ತೋಟಗಳಲ್ಲಿ ಕಾಣುವ ವರ್ಬೇನ ಹೂವಿನ ಕುಟುಂಬವೇ ಇದರದ್ದೂ. ಹಳೆಯ ಪುಸ್ತಕಗಳಲ್ಲಿ ತೇಗವನ್ನೂ ಲಕ್ಕಿ ಗಿಡವನ್ನೂ ಇದೇ ಕುಟುಂಬಕ್ಕೆ ಸೇರಿಸಿದ್ದರು. ಈಗ ಅವೆರಡೂ ತುಳಸಿಯ ಕುಟುಂಬಕ್ಕೆ ಹೋಗಿವೆ. ಆದ್ದರಿಂದ "ಲಕ್ಕಿ ಸೊಪ್ಪಿನ ಜಾತಿಯೇ ಇದು, ಲಕ್ಕಿಯಂತೆಯೇ ಔಷಧಿ" ಎಂಬ ವಾದಕ್ಕೆ ಹುರುಳಿಲ್ಲ.

ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣ ಹೇಗೆ?

ಕಸಿ ಕಟ್ಟಿದ್ದಲ್ಲ, ಯಾರೂ ಬಣ್ಣ ಹಾಕಿದ್ದೂ ಅಲ್ಲ. ಗೊಂಚಲಿನ ಹೊರಸುತ್ತಿನ ಹೂಗಳು ಮೊದಲು ಅರಳುತ್ತವೆ, ನಡುವಿನವು ಕೊನೆಗೆ. ಆಗತಾನೆ ಅರಳಿದ ಹೂವು ಹಳದಿ. ಪರಾಗಸ್ಪರ್ಶವಾದ ಮೇಲೆ ಅದರಲ್ಲಿ ಕೆಂಪು ವರ್ಣದ್ರವ್ಯ ತಯಾರಾಗಿ ಕೇಸರಿ, ಗುಲಾಬಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕೀಟಗಳಿಗೆ ಇದು ಒಂದು ಬಗೆಯ ಬೋರ್ಡು: ಹಳದಿ ಎಂದರೆ ಅಂಗಡಿ ತೆರೆದಿದೆ, ಕೆಂಪು ಎಂದರೆ ವ್ಯಾಪಾರ ಮುಗಿದಿದೆ. ಮುಂದಿನ ಬಾರಿ ಲಂಟಾನದ ಮೇಲೆ ಚಿಟ್ಟೆ ಕೂತಾಗ ಗಮನಿಸಿ, ಅದು ಹೆಚ್ಚಾಗಿ ಹಳದಿ ಹೂವಿಗೇ ಸೊಂಡಿಲು ಇಳಿಸುತ್ತದೆ.

ಪರಾಗಸ್ಪರ್ಶವೇ ಈ ಬಣ್ಣ ಬದಲಾವಣೆಯ ಕೀಲಿ ಎಂದು ತೋರಿಸಿದವರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್ ಪ್ರಮುಖರು. ಹೆಸರಿನ ಮೊದಲ ಅಕ್ಷರದಲ್ಲೇ ಹೊಳೆನರಸೀಪುರವನ್ನು ಇಟ್ಟುಕೊಂಡಿದ್ದ ಇವರು ಮೈಸೂರಿನವರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾ ಪ್ರಸಾದ್ ಅವರ ಸಹೋದರ.

ಮಕ್ಕಳು ಹಣ್ಣು ತಿಂದರೆ ಸಾಯುತ್ತಾರೆಯೇ?

ಹಳ್ಳಿಯಲ್ಲಿ ಬೆಳೆದ ಹಲವರು ಇದನ್ನು ಓದುತ್ತ ನಗಬಹುದು. ಶಾಲೆಯಿಂದ ಬರುವ ದಾರಿಯಲ್ಲಿ ಕಪ್ಪಗೆ ಮಾಗಿದ ಲಂಟಾನದ ಹಣ್ಣು ಕಿತ್ತು ತಿಂದು ನಾಲಿಗೆ ತೋರಿಸಿಕೊಂಡವರು, ಹೂವಿನ ತೊಟ್ಟು ಚೀಪಿದವರು ಲೆಕ್ಕವಿಲ್ಲದಷ್ಟು ಜನ. ಹಾಗಿದ್ದರೆ ವಿಷ ಎಂಬುದು ಸುಳ್ಳೇ?

ಪೂರ್ತಿ ಸುಳ್ಳಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹಸಿರು ಕಾಯಿ ತಿಂದ ಮಕ್ಕಳ ಬಗ್ಗೆ 1964ರಲ್ಲಿ ಒಂದು ವೈದ್ಯಕೀಯ ವರದಿ ಪ್ರಕಟವಾಯಿತು. ಅದರಲ್ಲಿ ಒಂದು ಮಗು ತೀರಿಕೊಂಡಿದ್ದು ದಾಖಲಾಗಿದೆ. ಲಂಟಾನಕ್ಕೆ "ಮಕ್ಕಳನ್ನು ಕೊಲ್ಲುವ ಗಿಡ" ಎಂಬ ಹೆಸರು ಬರಲು ಮುಖ್ಯ ಕಾರಣ ಈ ವರದಿ. ನಂತರ 2010ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು ವಿಷ ಮಾಹಿತಿ ಕೇಂದ್ರದ ದಾಖಲೆಗಳಿಂದ ಲಂಟಾನ ತಿಂದ 600ಕ್ಕೂ ಹೆಚ್ಚು ಪ್ರಕರಣಗಳನ್ನು ಹೆಕ್ಕಿ ನೋಡಿದರು. ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ತೊಂದರೆಯಾದವರಿಗೂ ವಾಂತಿ, ಹೊಟ್ಟೆನೋವಿನಂಥ ಸಣ್ಣ ಲಕ್ಷಣಗಳೇ ಹೆಚ್ಚು. ಸಾವು ಒಂದೂ ಇರಲಿಲ್ಲ.

ಅಂದರೆ ಒಂದೆರಡು ಮಾಗಿದ ಹಣ್ಣು ಬಾಯಿಗೆ ಹಾಕಿಕೊಂಡ ಮಗುವನ್ನು ನೋಡಿ ಎದೆ ಒಡೆದುಕೊಳ್ಳಬೇಕಿಲ್ಲ. ಹಾಗೆಂದು ತಿನ್ನಲು ಬಿಡುವುದೂ ಸರಿಯಲ್ಲ, ಹಸಿರು ಕಾಯಿಯಂತೂ ಬೇಡವೇ ಬೇಡ. ಮಗು ಹೆಚ್ಚು ತಿಂದಿದ್ದರೆ, ವಾಂತಿ, ಮಂಪರು, ಉಸಿರಾಟದಲ್ಲಿ ಏರುಪೇರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ. ತಿಂದ ಕಾಯಿಯ ಒಂದು ಕೊಂಬೆಯನ್ನೋ ಅದರ ಫೋಟೊವನ್ನೋ ವೈದ್ಯರಿಗೆ ತೋರಿಸಿದರೆ ಅವರ ಕೆಲಸ ಸುಲಭವಾಗುತ್ತದೆ.

ನಿಜವಾದ ಅಪಾಯ ಯಾರಿಗೆ?

ದನ, ಎಮ್ಮೆ, ಕುರಿ, ಮೇಕೆಗಳಿಗೆ. ಭಯ ಹುಟ್ಟಿಸುವ ಫಾರ್ವರ್ಡ್‌ಗಳು ಮಕ್ಕಳ ಬಗ್ಗೆ ಹೇಳುತ್ತವೆ, ಆದರೆ ಲಂಟಾನದಿಂದ ಜೀವ ಕಳೆದುಕೊಳ್ಳುವುದು ಹೆಚ್ಚಾಗಿ ಮೆಲುಕು ಹಾಕುವ ಪ್ರಾಣಿಗಳು. ಒಂದು ಹಸು ಸತ್ತರೆ ಒಂದು ಮನೆಯ ತಿಂಗಳ ಖರ್ಚೇ ತಪ್ಪಿಹೋಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು.

ಲಂಟಾನದ ಎಲೆಯಲ್ಲಿ ಲಂಟಾಡೀನ್ ಎಂಬ ವಿಷವಸ್ತುಗಳಿವೆ. ಎಲ್ಲ ತಳಿಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೆಂಪು ಹೂವಿನ ತಳಿಗಳಲ್ಲಿ ಹೆಚ್ಚು ಎಂಬುದು ಸಾಮಾನ್ಯ ಅನುಭವ. ಇವು ನೇರವಾಗಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಪೆಟ್ಟು ಕೊಡುತ್ತವೆ. ಪಿತ್ತರಸ ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಕಾಮಾಲೆ ಬರುತ್ತದೆ.

ಹಸಿರು ಮೇವು ಜೀರ್ಣವಾಗುವಾಗ ಪತ್ರಹರಿತ್ತಿನಿಂದ ಒಂದು ವಸ್ತು ಹುಟ್ಟುತ್ತದೆ. ಆರೋಗ್ಯವಂತ ಲಿವರ್ ಅದನ್ನು ಪಿತ್ತರಸದ ಜೊತೆ ಹೊರಹಾಕುತ್ತದೆ. ಲಿವರ್ ಕೆಟ್ಟಾಗ ಅದು ರಕ್ತ ಸೇರಿ ಚರ್ಮಕ್ಕೆ ಬರುತ್ತದೆ, ಅಲ್ಲಿ ಬಿಸಿಲು ಬಿದ್ದ ಕೂಡಲೇ ಚರ್ಮವನ್ನು ಸುಡತೊಡಗುತ್ತದೆ. ಮೂತಿ, ಕಿವಿ, ಕೆಚ್ಚಲು, ಬಿಳಿ ಚರ್ಮದ ಜಾಗಗಳು ಕೆಂಪಾಗಿ, ಊದಿ, ಬಿರಿದು ಸಿಪ್ಪೆ ಏಳುತ್ತವೆ. ಕಣ್ಣಲ್ಲಿ ನೀರು ಸುರಿಯುತ್ತ ದನ ನೆರಳು ಹುಡುಕುತ್ತದೆ. ಇದನ್ನು "ಬಿಸಿಲಿನ ಕಾಯಿಲೆ" ಎಂದೋ "ದೃಷ್ಟಿ" ಎಂದೋ ಭಾವಿಸಿ ಚರ್ಮಕ್ಕೆ ಮಾತ್ರ ಎಣ್ಣೆ ಹಚ್ಚುತ್ತ ಕೂತರೆ ಒಳಗೆ ಲಿವರ್ ಕೆಡುತ್ತಲೇ ಹೋಗುತ್ತದೆ.

ಮೊದಲು ಕಾಣುವ ಲಕ್ಷಣಗಳು ಇವು: ಮೇವು ಬಿಡುವುದು, ಮೆಲುಕು ನಿಲ್ಲುವುದು, ಸಗಣಿ ಕಟ್ಟಿಕೊಳ್ಳುವುದು, ಕಣ್ಣಿನ ಒಳಪದರ ಹಳದಿಯಾಗುವುದು. ಹೊಟ್ಟೆಯ ಚಲನೆ ನಿಂತುಹೋಗುವುದರಿಂದ ತಿಂದ ಎಲೆ ಅಲ್ಲೇ ಉಳಿದು ವಿಷ ಬಿಡುತ್ತಲೇ ಇರುತ್ತದೆ. ಆದ್ದರಿಂದ "ನಾಳೆ ಸರಿಹೋಗಬಹುದು" ಎಂದು ಕಾಯುವಂತಿಲ್ಲ. ದನವನ್ನು ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿ, ನೀರು ಕೊಟ್ಟು, ಅದೇ ದಿನ ಪಶುವೈದ್ಯರನ್ನು ಕರೆಸಿ.

ಯಾವ ದನಗಳು ತಿನ್ನುತ್ತವೆ? ಹುಟ್ಟಿದಂದಿನಿಂದ ಲಂಟಾನದ ನಡುವೆಯೇ ಮೇಯ್ದ ದನಗಳು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಸಂತೆಯಲ್ಲಿ ಕೊಂಡು ಬೇರೆ ಊರಿಂದ ತಂದವು, ಕರುಗಳು, ಬರಗಾಲದಲ್ಲಿ ಹಸಿದವು ತಿನ್ನುತ್ತವೆ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿದಾಗ ಹಸಿರಾಗಿ ಕಾಣುವುದು ಲಂಟಾನವೊಂದೇ ಎಂಬಂಥ ಜಾಗಗಳು ಬಹಳ. ಹೊಸ ದನವನ್ನು ಹಸಿದ ಹೊಟ್ಟೆಯಲ್ಲಿ ಅಂಥ ಕಡೆ ಮೇಯಲು ಬಿಡಬೇಡಿ.

ಹಾಗಾದರೆ ಎಲೆಯ ಕಷಾಯ?

ಬೇಡ. ಪ್ರಯೋಗಾಲಯದ ತಟ್ಟೆಯಲ್ಲಿ ಲಂಟಾನದ ಸಾರ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದಿದೆ ಎಂಬ ಸಂಶೋಧನೆಗಳು ಇವೆ. ಜಾನಪದ ವೈದ್ಯದಲ್ಲಿ ಗಾಯಕ್ಕೆ ಸೊಪ್ಪು ಅರೆದು ಹಚ್ಚುವ ರೂಢಿಯೂ ಹಲವು ದೇಶಗಳಲ್ಲಿದೆ. ಆದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಮನುಷ್ಯನ ಕಾಯಿಲೆ ವಾಸಿಯಾಯಿತು ಎಂದಲ್ಲ. ತಟ್ಟೆಗೆ ಲಿವರ್ ಇರುವುದಿಲ್ಲ, ನಮಗಿದೆ. ಲಿವರ್‌ಗೆ ಪೆಟ್ಟು ಕೊಡುವ ವಸ್ತುವಿರುವ ಎಲೆಯನ್ನು ಅಳತೆಯಿಲ್ಲದೆ, ಯಾವ ತಳಿ ಎಂದೂ ನೋಡದೆ ಕುದಿಸಿ ಕುಡಿಯುವುದು ಮದ್ದಲ್ಲ. ಅದರಲ್ಲೂ ಕಾಮಾಲೆ ಇರುವವರು, ಗರ್ಭಿಣಿಯರು, ಮಕ್ಕಳು ಹತ್ತಿರವೂ ಸುಳಿಯಬಾರದು.

ಇನ್ನೊಂದು ಗೊಂದಲವಿದೆ. ಯುರೋಪಿನಲ್ಲಿ ಗಿಡಮೂಲಿಕೆ ಚಹಾಕ್ಕೆ ಬಳಸುವ ವರ್ಬೇನ ಎಂಬ ಸಸ್ಯವಿದೆ. ಅದರ ಗುಣಗಳನ್ನು ಇಂಟರ್ನೆಟ್ಟಿನಲ್ಲಿ ಓದಿ ಲಂಟಾನದ ಫೋಟೊ ಅಂಟಿಸಿದರೆ ಸಂದೇಶ ಸಿದ್ಧ! ಕುಟುಂಬ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ. ಬದನೆ ಮತ್ತು ದತ್ತೂರಿ ಕೂಡ ಒಂದೇ ಕುಟುಂಬ ಎಂಬುದು ನೆನಪಿರಲಿ.

ಸೊಳ್ಳೆ ಓಡುತ್ತದೆ ಎಂಬುದು?

ಇದರಲ್ಲಿ ಅರ್ಧ ನಿಜವಿದೆ. ಲಂಟಾನದ ಹೂವಿನ ಸಾರವನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಮೈಗೆ ಹಚ್ಚಿದಾಗ ಡೆಂಗಿ ಹರಡುವ ಈಡಿಸ್ ಸೊಳ್ಳೆಗಳು ಕಚ್ಚುವುದು ಬಹಳ ಕಡಿಮೆಯಾಯಿತು ಎಂದು ಭಾರತೀಯ ವಿಜ್ಞಾನಿಗಳು 1996ರಲ್ಲಿ ವರದಿ ಮಾಡಿದ್ದರು. ಆ ರಕ್ಷಣೆ ಉಳಿದದ್ದು ಕೆಲವೇ ತಾಸು. ಗಮನಿಸಿ, ಅದು ಸಂಸ್ಕರಿಸಿ ತೆಗೆದ ಸಾರ, ಅಂಗಳದಲ್ಲಿ ನಿಂತ ಗಿಡವಲ್ಲ. ಮನೆ ಸುತ್ತ ಲಂಟಾನ ಇದ್ದರೆ ಡೆಂಗಿ ಬರುವುದಿಲ್ಲ ಎಂದು ನಂಬಿ ಡ್ರಮ್ಮಿನ ಮುಚ್ಚಳ ತೆರೆದಿಟ್ಟರೆ ಆಸ್ಪತ್ರೆ ಸೇರುವುದು ನಾವೇ. ನಿಂತ ನೀರು ಚೆಲ್ಲುವುದಕ್ಕೆ ಬದಲಿ ಯಾವ ಗಿಡವೂ ಇಲ್ಲ.

ಎಲ್ಲೆಲ್ಲಿ ಬೆಳೆಯುತ್ತದೆ? ಕಾಡಿಗೆ ಏನು ಮಾಡಿದೆ?

ಲಂಟಾನಕ್ಕೆ ಬೇಕಾದ್ದು ಬೆಳಕು. ದಟ್ಟ ನೆರಳಿನ ಮಳೆಕಾಡಿನ ಒಳಗೆ ಅದಕ್ಕೆ ಜೋರಿಲ್ಲ. ಮರ ಕಡಿದ ಜಾಗ, ರಸ್ತೆಯಂಚು, ಬೀಳು ಜಮೀನು, ಎಲೆ ಉದುರುವ ಕಾಡು ಸಿಕ್ಕರೆ ಹಬ್ಬುತ್ತದೆ. ಪಿಕಳಾರ, ಗೊರವಂಕದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ದೂರಕ್ಕೆ ಉದುರಿಸುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಪೊದೆ ಒಂದಕ್ಕೊಂದು ಹೆಣೆದುಕೊಂಡು ಆಳೆತ್ತರ ಮೀರಿ, ಆಸರೆ ಸಿಕ್ಕಿದರೆ ಮರವನ್ನೂ ಏರುತ್ತದೆ. ಅದರಡಿ ಹುಲ್ಲು ಬೆಳೆಯುವುದಿಲ್ಲ, ಮರಗಳ ಸಸಿ ಮೇಲೇಳುವುದಿಲ್ಲ.

ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಹುಲಿ ಇರುವ ಕಾಡುಗಳ ಸಮೀಕ್ಷೆಯ ಮಾಹಿತಿ ಬಳಸಿ 2020ರಲ್ಲಿ ಪ್ರಕಟಿಸಿದ ಅಂದಾಜು ನೋಡಿ. ಲಂಟಾನ ಹರಡಿರುವ ಕಾಡು ಸುಮಾರು 1.54 ಲಕ್ಷ ಚದರ ಕಿ.ಮೀ. ಅಂದರೆ ಅವರು ಲೆಕ್ಕ ಹಾಕಿದ ಕಾಡಿನ ಶೇ. 40ಕ್ಕೂ ಹೆಚ್ಚು. ಕರ್ನಾಟಕದ ಒಟ್ಟು ವಿಸ್ತೀರ್ಣ 1.92 ಲಕ್ಷ ಚದರ ಕಿ.ಮೀ. ಎಂಬುದರ ಪಕ್ಕದಲ್ಲಿಟ್ಟರೆ ಇದರ ಗಾತ್ರ ಅರ್ಥವಾಗುತ್ತದೆ.

ನಮ್ಮಲ್ಲಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಎಲ್ಲೆಡೆ ಇದರದ್ದೇ ಗೋಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಗುರುತು ಮಾಡಿದ ಜಾಗಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ನೋಡಿದರು. ಮೊದಲ ಸಲ ಶೇ. 41ರಷ್ಟು ಜಾಗಗಳಲ್ಲಿದ್ದ ಲಂಟಾನ ಎರಡನೇ ಸಲಕ್ಕೆ ಶೇ. 81ರಷ್ಟು ಜಾಗಗಳಲ್ಲಿತ್ತು. 11 ವರ್ಷಗಳಲ್ಲಿ ಎರಡು ಪಟ್ಟು.

ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ, ಆನೆಗಳು ಎಲ್ಲಿಗೆ ಹೋಗಬೇಕು? ಆನೆಗಳು ಹೊಲಕ್ಕೆ ನುಗ್ಗುವುದಕ್ಕೆ ಲಂಟಾನವೊಂದೇ ಕಾರಣ ಎನ್ನುವುದು ತಪ್ಪು. ಕಾಡಿನಲ್ಲಿ ಮೇವು ಕಡಿಮೆಯಾಗಿರುವುದು ಹಲವು ಕಾರಣಗಳಲ್ಲಿ ಒಂದು. ಕಾಡಂಚಿನ ಜನರಿಗೆ ಇನ್ನೊಂದು ಕಷ್ಟವೂ ಇದೆ. ಪೊದೆಯ ಆಚೆ ಆನೆ ನಿಂತಿದ್ದರೂ ನಾಲ್ಕು ಹೆಜ್ಜೆ ಹತ್ತಿರ ಬರುವ ತನಕ ಕಾಣುವುದಿಲ್ಲ.

ಬೆಂಕಿ ಹಾಕಿದರೆ ಮುಗಿಯಲಿಲ್ಲವೇ?

ಇಲ್ಲಿ ಸೋಲಿಗರ ಮಾತು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ "ತರಗು ಬೆಂಕಿ" ಹಾಕುತ್ತಿದ್ದರು. ಒಣಗಿದ ತರಗೆಲೆ ಮಾತ್ರ ಸುಡುವಷ್ಟು ಸಣ್ಣ ಬೆಂಕಿ. ಅದು ನೆಲಮಟ್ಟದಲ್ಲೇ ಹರಿದು ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ಮಳೆ ಬಿದ್ದ ಮೇಲೆ ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿ ಮರಕ್ಕೆ ಅಂಟುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಅದು ವನ್ಯಜೀವಿಧಾಮವಾದ ಮೇಲೆ ಬೆಂಕಿಗೆ ನಿಷೇಧ ಬಿತ್ತು. ಆ ಬಳಿಕವೇ ಲಂಟಾನ ಅಂಕೆ ಮೀರಿತು ಎಂಬುದು ಅವರ ವಾದ. ವಿಜ್ಞಾನಿಗಳು ಇದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ.

ಹಾಗೆಂದು ಈಗ ಕಡ್ಡಿ ಗೀರಿದರೆ ಅನಾಹುತ. ಈಗ ಇರುವುದು ಎಳೆ ಸಸಿಯಲ್ಲ, ಆಳೆತ್ತರದ ಒಣ ಪೊದೆ. ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮರದ ತುದಿಗೆ ಹತ್ತುತ್ತದೆ, ಮರಗಳೇ ಸಾಯುತ್ತವೆ. ಬೂದಿಯ ನಡುವೆ ಬೆಳಕು ಸಿಕ್ಕಿ ಮೊದಲು ಚಿಗುರುವುದು ಮತ್ತೆ ಲಂಟಾನವೇ. ಕಾಡಿಗೆ ಬೆಂಕಿ ಇಡುವುದು ಕಾನೂನಿನ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಕೀಟಗಳನ್ನು ಬಿಟ್ಟು ತಿನ್ನಿಸುವ ಪ್ರಯತ್ನ ಹವಾಯಿ ದ್ವೀಪಗಳಲ್ಲಿ 1902ರಲ್ಲೇ ನಡೆಯಿತು. ಭಾರತಕ್ಕೂ 1941ರಲ್ಲಿ ಒಂದು ಬಗೆಯ ತಿಗಣೆ ಬಂತು. ಎಲೆ ತಿಂದವು, ಗಿಡ ಮತ್ತೆ ಚಿಗುರಿತು.

ಹಾಗಿದ್ದರೆ ದಾರಿ ಯಾವುದು?

ಬೇರಿನ ಬುಡ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಜೊತೆಗಾರರು ರೂಪಿಸಿದ ವಿಧಾನ ಸರಳವಾಗಿದೆ. ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಜಾಗದಿಂದ. ಆದ್ದರಿಂದ ಮಣ್ಣಿನ ಮೇಲೆ ಕಡಿಯದೆ, ಮಣ್ಣಿನ ಒಳಗೆ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ಒಣಗಲು ಇಡಬೇಕು. ಕಾಯಿ ಕಟ್ಟುವ ಮುನ್ನ ಮಾಡಿದರೆ ಬೀಜ ಉದುರುವುದಿಲ್ಲ. ನಂತರದ ಎರಡು ಮೂರು ವರ್ಷ ಏಳುವ ಸಸಿಗಳನ್ನು ಕೀಳುತ್ತ, ಆ ಜಾಗದಲ್ಲಿ ನಾಡಿನ ಹುಲ್ಲು, ಗಿಡ ಬರಿಸಬೇಕು. ಒಮ್ಮೆ ಜೆಸಿಬಿ ತಂದು ಕಿತ್ತು ಫೋಟೊ ತೆಗೆಸಿಕೊಂಡು ಹೋದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಕಿತ್ತ ಗಿಡ ವ್ಯರ್ಥವಾಗಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸ್ಥಳೀಯರು ಬಿದಿರಿನ ಬದಲು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 2024ರಲ್ಲಿ ನಿಂತಿದ್ದ, ಆಮೇಲೆ ಅಮೆರಿಕದಲ್ಲೂ ಸುದ್ದಿಯಾದ ಆಳೆತ್ತರದ ಆನೆಗಳು ನೆನಪಿವೆಯೇ? ಸೋಲಿಗರು, ಬೆಟ್ಟ ಕುರುಬರು ಮುಂತಾದ ಕಾಡಿನ ಸಮುದಾಯಗಳ ಕೈಗಳು ಲಂಟಾನದ ಕಡ್ಡಿಯಿಂದಲೇ ಅವನ್ನು ಹೆಣೆದವು. ಇದರಿಂದ ಕಾಡೆಲ್ಲ ಸ್ವಚ್ಛವಾಗುತ್ತದೆ ಎನ್ನಲಾಗದು, ಹರಡಿರುವ ಪ್ರಮಾಣ ಅಷ್ಟಿದೆ. ಆದರೆ ಕೀಳುವ ಕೈಗೆ ಕೂಲಿ ಸಿಗುತ್ತದೆ.

ನನ್ನ ಮನೆಯ ಗಿಡ ಕೀಳಲೇ?

ನಗರದ ಕುಂಡದಲ್ಲಿರುವ ಗಿಡದಿಂದ ನಿಮಗೆ ಅಪಾಯವಿಲ್ಲ, ಚಿಟ್ಟೆಗಳಿಗೂ ಮಧು ಸಿಗುತ್ತದೆ. ಕಾಯಿ ಕಟ್ಟುವ ಮುನ್ನ ಒಣಗಿದ ಗೊಂಚಲು ಕತ್ತರಿಸಿಬಿಡಿ, ಬೀಜ ಹಕ್ಕಿಯ ಹೊಟ್ಟೆ ಸೇರುವುದಿಲ್ಲ. ಕಾಡಂಚಿನಲ್ಲಿ, ಹುಲ್ಲುಗಾವಲಿನ ಪಕ್ಕದಲ್ಲಿ, ದನಕರು ಓಡಾಡುವಲ್ಲಿ ಮನೆಯಿದ್ದರೆ ಬುಡಸಹಿತ ತೆಗೆಯುವುದೇ ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

"ಮುಟ್ಟಿದರೆ ಸಾವು" ಎಂಬುದು ಸುಳ್ಳು. "ಕಷಾಯ ರಾಮಬಾಣ" ಎಂಬುದು ಸುಳ್ಳು ಮಾತ್ರವಲ್ಲ, ಅಪಾಯ. "ಗಿಡ ನೆಟ್ಟರೆ ಸೊಳ್ಳೆ ಇಲ್ಲ" ಎಂಬುದು ಉತ್ಪ್ರೇಕ್ಷೆ. "ದನಕ್ಕೆ ವಿಷ" ಎಂಬುದು ನಿಜ, ಆದರೆ ಅದನ್ನು ಹೇಳುವ ಸಂದೇಶವೇ ಕಡಿಮೆ. ನಿಮ್ಮ ಗುಂಪಿನಲ್ಲಿ ಹಸು, ಕುರಿ ಸಾಕಿದವರಿದ್ದರೆ ಅವರಿಗೆ ಇಷ್ಟು ತಲುಪಿಸಿ: ಮೇವು ಬಿಟ್ಟ ದನದ ಕಣ್ಣು ಹಳದಿಯಾಗಿ, ಮೂತಿ ಸುಲಿದು, ಬಿಸಿಲಿಗೆ ಬೆದರುತ್ತಿದ್ದರೆ ಲಂಟಾನ ತಿಂದಿರಬಹುದು, ನೆರಳಲ್ಲಿ ಕಟ್ಟಿ, ಇವತ್ತೇ ಪಶುವೈದ್ಯರನ್ನು ಕರೆಸಿ.